ಗಾರ್ಡನ್ ಈಲ್ ಬಿಲ ಸೇರುವ ಮುನ್ನ ನೋಡುವುದು ಹೇಗೆ: ಡೈವ್ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಮಾಲ್ಡೀವ್ಸ್‌ಗೆ ಹೋಗಿ ಬಂದ ಗೆಳೆಯರು ಗಾರ್ಡನ್ ಈಲ್ (ಸಮುದ್ರತಳದ ಮರಳಿನ ಬಿಲದಲ್ಲಿ ಬದುಕುವ ಹಾವುಮೀನು) ಎಂದು ಕಳಿಸುವ ಚಿತ್ರಗಳಲ್ಲಿ ಹತ್ತಕ್ಕೆ ಒಂಬತ್ತರಲ್ಲಿ ಇರುವುದು ಬರೀ ಮರಳು. ಜೊತೆಗೊಂದು ಒಕ್ಕಣೆ: "ಇಲ್ಲೇ ಇದ್ದವು, ಕ್ಯಾಮೆರಾ ಎತ್ತುವಷ್ಟರಲ್ಲಿ ಎಲ್ಲವೂ ಒಳಗೆ." ಅಂಥ ಚಿತ್ರಗಳ ಒಂದು ಕಡತ ನನ್ನ ಬಳಿಯೂ ಇದೆ. ಮೊದಲ ಮೂರು ಪ್ರವಾಸಗಳಲ್ಲಿ ನಾನು ಸಂಪಾದಿಸಿದ್ದು ಅಷ್ಟೇ.

ಎಲ್ಲರೂ ಮಾಡುವ ತಪ್ಪು ಒಂದೇ. ಮೀನು ಕಂಡ ಕೂಡಲೇ ಅದರ ಕಡೆಗೆ ಈಜುತ್ತಾರೆ. ಒಳಗೆ ಹೋದರೆ ಪಕ್ಕದ ಗುಂಪಿನ ಕಡೆಗೆ ಈಜುತ್ತಾರೆ. ಅದೂ ಒಳಗೆ ಹೋಗುತ್ತದೆ. ಸಿಲಿಂಡರ್‌ನ ಗಾಳಿ ಮುಗಿಯುವವರೆಗೂ ಇದೇ ಕಣ್ಣಾಮುಚ್ಚಾಲೆ. ಒಂದೇ ಜಾಗದಲ್ಲಿ ಹತ್ತು ನಿಮಿಷ ಅಲುಗಾಡದೆ ಇದ್ದರೆ ಅವು ತಾವಾಗಿ ಮೇಲೆ ಬರುತ್ತವೆ. ಹೇಳಲು ಸುಲಭ. ಆದರೆ ನೀರಿನೊಳಗೆ ಹತ್ತು ನಿಮಿಷ ಅಲುಗಾಡದೆ ಇರುವುದಕ್ಕೆ ಜಾಗದ ಆಯ್ಕೆಯಿಂದ ಹಿಡಿದು ಉಸಿರಿನ ಲೆಕ್ಕದವರೆಗೆ ಬಹಳಷ್ಟು ಸಂಗತಿಗಳು ಕೂಡಿಬರಬೇಕು. ಅವನ್ನು ಯಾವ ಕ್ರಮದಲ್ಲಿ ಮಾಡಬೇಕೋ ಅದೇ ಕ್ರಮದಲ್ಲಿ ಕೆಳಗೆ ಬರೆದಿದ್ದೇನೆ.

## ಇಳಿಯುವ ಮುನ್ನ: ಈ ಮೀನಿನ ಲೆಕ್ಕಾಚಾರ

ಈ ಮಾರ್ಗದರ್ಶಿ ಮುಖ್ಯವಾಗಿ ಚುಕ್ಕೆ ಗಾರ್ಡನ್ ಈಲ್ ಕುರಿತದ್ದು. ವೈಜ್ಞಾನಿಕ ಹೆಸರು ಹೆಟೆರೊಕಾಂಗರ್ ಹಸ್ಸಿ. ಹಾವುಮೀನುಗಳಲ್ಲಿ ಇದು ಕಾಂಗರ್ ಕುಟುಂಬಕ್ಕೆ ಸೇರಿದ್ದು. ಬಂಡೆಯ ಸಂದಿಯಿಂದ ಬಾಯ್ದೆರೆದು ಹೆದರಿಸುವ ಮೊರೆ ಈಲ್ ಬೇರೆ ಕುಟುಂಬದ್ದು, ಬೇರೆಯೇ ಸ್ವಭಾವದ್ದು. ಕೆಂಪು ಸಮುದ್ರ ಮತ್ತು ಆಫ್ರಿಕದ ಪೂರ್ವ ತೀರದಿಂದ ಪೆಸಿಫಿಕ್ ದ್ವೀಪಗಳವರೆಗೆ ಚುಕ್ಕೆ ಈಲ್ ಸಿಗುತ್ತದೆ.

ಉದ್ದ ಹೆಚ್ಚೆಂದರೆ 40 ಸೆಂ.ಮೀ., ದಪ್ಪ ಒಂದೂವರೆ ಸೆಂಟಿಮೀಟರಿಗೂ ಕಡಿಮೆ. ಬಿಳಿ ಮೈ ತುಂಬ ಸಣ್ಣ ಕಪ್ಪು ಚುಕ್ಕೆಗಳು, ಅವುಗಳ ನಡುವೆ ಮೂರು ದೊಡ್ಡ ಕಪ್ಪು ಮಚ್ಚೆಗಳು: ಒಂದು ಕಿವಿರಿನ ಹತ್ತಿರ, ಒಂದು ಮೈಯ ನಡುವೆ, ಮತ್ತೊಂದು ಗುದದ್ವಾರದ ಸುತ್ತ. ಮೂರನೆಯದನ್ನು ನೀವು ಬಹುಶಃ ಎಂದೂ ನೋಡುವುದಿಲ್ಲ, ಏಕೆಂದರೆ ಬಾಲದ ಭಾಗ ಸದಾ ಬಿಲದೊಳಗೇ ಇರುತ್ತದೆ.

ಬಿಲದ ಕಥೆ ತಿಳಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಈ ಮೀನು ಬಾಲವನ್ನು ಮುಂದಿಟ್ಟುಕೊಂಡು ಮರಳನ್ನು ಕೊರೆಯುತ್ತದೆ. ಬಾಲದ ತುದಿ ಗಟ್ಟಿ ಮಾಂಸದ ಮೊಳೆಯ ಹಾಗಿದೆ. ಅಲ್ಲಿಂದ ಒಸರುವ ಲೋಳೆ ಬಿಲದ ಗೋಡೆಯ ಮರಳನ್ನು ಅಂಟಿಸಿ ನಿಲ್ಲಿಸುತ್ತದೆ. ಸಗಣಿ ಸಾರಿಸಿದ ಗೋಡೆಯ ಹಾಗೆ ಎನ್ನಬಹುದು. ಹೀಗೆ ಕಟ್ಟಿಕೊಂಡ ಮನೆಯನ್ನು ಅದು ಸುಲಭಕ್ಕೆ ಬಿಡುವುದಿಲ್ಲ. ಅದರ ಊಟ ಸೆಳವು ಹೊತ್ತು ತರುವ ಪ್ಲಾಂಕ್ಟನ್, ಅಂದರೆ ಕಣ್ಣಿಗೆ ಕಂಡೂ ಕಾಣದಂಥ ಜಲಜೀವಿಗಳು. ಬಾಲ ಬಿಲದಲ್ಲಿ, ತಲೆ ಸೆಳವಿನಲ್ಲಿ. ತಿನ್ನುವ ವ್ಯಾಪ್ತಿ ಎಂದರೆ ಮೈಯ ಉದ್ದ ಎಷ್ಟೋ ಅಷ್ಟೇ.

ಬೇರೆ ಮೀನುಗಳು ಹೆದರಿದರೆ ಓಡಿ, ಸ್ವಲ್ಪ ದೂರದಲ್ಲಿ ನಿಂತು ಮತ್ತೆ ಕಾಣಿಸಿಕೊಳ್ಳುತ್ತವೆ. ಗಾರ್ಡನ್ ಈಲ್‌ಗೆ ಓಡುವ ದಾರಿಯೇ ಇಲ್ಲ, ಅದು ಒಳಗೆ ಇಳಿಯಬೇಕು. ಒಳಗಿದ್ದಷ್ಟು ಹೊತ್ತು ಊಟವಿಲ್ಲ. ಆದ್ದರಿಂದ ಭಯ ಕಳೆದ ಮೇಲೆ ಹೊರಗೆ ಬರಲೇಬೇಕು. ನಮಗೆ ಅನುಕೂಲವಾಗಿರುವುದು ಈ ಹಸಿವು ಒಂದೇ.

ಇನ್ನೊಂದು ಸಂಗತಿ. ಇವು ಊಟ ಹುಡುಕುವುದು ಕಣ್ಣಿನಿಂದ. ತಲೆಯ ಅಳತೆಗೆ ಹೋಲಿಸಿದರೆ ಕಣ್ಣು ದೊಡ್ಡದು. ಹಗಲು ಹೊರಗೆ, ರಾತ್ರಿ ಒಳಗೆ. ಹಾಗಾಗಿ ರಾತ್ರಿ ಡೈವ್‌ನಲ್ಲಿ ಹುಡುಕಿ ಸಮಯ ಹಾಳುಮಾಡಬೇಡಿ.

## ಬೇಕಾದ ಸಾಮಾನು

ತರಬೇತಿ ಮೊದಲು. ಈ ಮೀನುಗಳ ಕಾಲೊನಿಗಳು ಸಾಮಾನ್ಯವಾಗಿ 7ರಿಂದ 45 ಮೀಟರ್ ಆಳದಲ್ಲಿರುತ್ತವೆ. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ, ತರಬೇತುದಾರರು ಬೆನ್ನಿನ ಸಿಲಿಂಡರ್ ಹಿಡಿದುಕೊಂಡೇ ಮಾಡಿಸುವ ಮೊದಲ ಡೈವ್ ಈ ಕೆಲಸಕ್ಕೆ ಸಾಲದು. 18 ಮೀಟರ್‌ವರೆಗೆ ಇಳಿಯಲು ಓಪನ್ ವಾಟರ್ ಪ್ರಮಾಣಪತ್ರ ಬೇಕು, 30 ಮೀಟರ್‌ವರೆಗೆ ಅದರ ಮುಂದಿನ ಅಡ್ವಾನ್ಸ್ಡ್ ಹಂತ. ನಮ್ಮ ಕರಾವಳಿಯ ಹಳೆಯ ಲೆಕ್ಕದಲ್ಲಿ 18 ಮೀಟರ್ ಎಂದರೆ ಹತ್ತು ಮಾರು. ಹತ್ತು ಮಾರಿನೊಳಗೇ ಒಳ್ಳೆಯ ಕಾಲೊನಿ ಸಿಗುವ ಜಾಗ ಆರಿಸಿಕೊಂಡರೆ ಎಲ್ಲಕ್ಕೂ ನೆಮ್ಮದಿ.

ಆಳ ಮತ್ತು ಸಮಯದ ಲೆಕ್ಕ ಇಡುವ ಡೈವ್ ಕಂಪ್ಯೂಟರ್ ನಿಮ್ಮದೇ ಇರಲಿ. ಬಡ್ಡಿಯ (ಜೊತೆಯಲ್ಲಿ ಡೈವ್ ಮಾಡುವ ಸಂಗಾತಿಯ) ಕಂಪ್ಯೂಟರ್ ನೋಡಿಕೊಂಡು ಇರುತ್ತೇನೆ ಎನ್ನಬೇಡಿ. ಈ ಡೈವ್‌ನಲ್ಲಿ ನೀವಿಬ್ಬರೂ ಬೇರೆ ಬೇರೆ ಆಳದಲ್ಲಿ ಬಹಳ ಹೊತ್ತು ನಿಲ್ಲುತ್ತೀರಿ. ನೀರು 28 ಡಿಗ್ರಿ ಇದ್ದರೂ ಮೂರು ಮಿಲಿಮೀಟರ್ ದಪ್ಪದ ಸೂಟ್ ಹಾಕಿಕೊಳ್ಳಿ. ಈಜುವವರಿಗೆ ಚಳಿಯಾಗದ ನೀರಿನಲ್ಲಿ ಸುಮ್ಮನೆ ನಿಂತವರಿಗೆ ಇಪ್ಪತ್ತು ನಿಮಿಷದಲ್ಲಿ ನಡುಕ ಬರುತ್ತದೆ. ನಡುಗುವವರ ಮುಂದೆ ಯಾವ ಈಲೂ ತಲೆಯೆತ್ತುವುದಿಲ್ಲ.

ಸೀಸದ ತೂಕ ಸರಿಯಾಗಿರಬೇಕು. ಹೆಚ್ಚಿದ್ದರೆ ಮರಳಿಗೆ ಬೀಳುತ್ತೀರಿ, ಕಡಿಮೆಯಿದ್ದರೆ ಫಿನ್ (ಕಾಲಿಗೆ ಹಾಕಿಕೊಳ್ಳುವ ಈಜುರೆಕ್ಕೆ) ಬಡಿಯುತ್ತಲೇ ಇರಬೇಕಾಗುತ್ತದೆ. ಕೈಗೆ ಉದ್ದನೆಯ ಲೋಹದ ಕಡ್ಡಿ ಕೊಡುವವರಿದ್ದಾರೆ, ಮರಳಿಗೆ ಚುಚ್ಚಿ ಹಿಡಿದುಕೊಳ್ಳಲು. ನನ್ನ ಮತ ಕೇಳಿದರೆ ಅದನ್ನು ದೋಣಿಯಲ್ಲೇ ಬಿಟ್ಟು ಇಳಿಯಿರಿ. ಕಾಲೊನಿಯ ಒಳಗೆ ಎಲ್ಲಿ ಚುಚ್ಚಿದರೂ ಅದು ಯಾರದೋ ಮನೆಯ ಮಾಡು.

ಕ್ಯಾಮೆರಾ ಬಗ್ಗೆ ಏಳನೆಯ ಹಂತದಲ್ಲಿ ಹೇಳುತ್ತೇನೆ. ಮೊದಲ ಸಲ ಕ್ಯಾಮೆರಾ ಇಲ್ಲದೆ ಇಳಿಯುವುದೇ ಮೇಲು. ಯಾರೂ ಕೇಳುವುದಿಲ್ಲ ಎಂದು ಗೊತ್ತು, ಆದರೂ ಹೇಳಿದ್ದೇನೆ.

## ಹಂತ 1: ಜಾಗ ಮತ್ತು ಹೊತ್ತು ಆರಿಸಿ

ಹವಳದ ದಿಬ್ಬ ಮುಗಿದು ಮರಳು ಇಳಿಜಾರಾಗಿ ಶುರುವಾಗುವ ಕಡೆ, ಸೆಳವು ನಿತ್ಯ ಹಾದುಹೋಗುವ ಜಾಗದಲ್ಲಿ ಕಾಲೊನಿಗಳಿರುತ್ತವೆ. ನಿಮ್ಮನ್ನು ಕರೆದೊಯ್ಯುವವರಿಗೆ "ಗಾರ್ಡನ್ ಈಲ್ ಇದೆಯೇ" ಎಂದು ಕೇಳಿದರೆ ಎಲ್ಲರೂ ಇದೆ ಎನ್ನುತ್ತಾರೆ. ಕೇಳಬೇಕಾದ ಪ್ರಶ್ನೆ ಮೂರು. ಎಷ್ಟು ಆಳದಲ್ಲಿ? ಇಡೀ ಡೈವ್ ಅಲ್ಲೇ ಕಳೆಯಲು ಬಿಡುತ್ತೀರಾ? ಜೊತೆಯಲ್ಲಿ ಎಷ್ಟು ಜನ? ಮೂರನೆಯದಕ್ಕೆ ನಾಲ್ಕಕ್ಕಿಂತ ಹೆಚ್ಚಿನ ಸಂಖ್ಯೆ ಬಂದರೆ ಬೇರೆ ದಿನ ಹೋಗಿ. ಹತ್ತು ಜನರ ಗುಂಪಿನೊಂದಿಗೆ ಈ ಮೀನನ್ನು ನೋಡಲು ಹೋಗುವುದೆಂದರೆ ಬ್ಯಾಂಡ್ ಸೆಟ್ ಹಿಡಿದುಕೊಂಡು ನವಿಲು ನೋಡಲು ಹೋದ ಹಾಗೆ.

ಸೆಳವಿನ ವೇಗ ಬಹಳ ಮುಖ್ಯ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚುಕ್ಕೆ ಈಲ್‌ಗಳನ್ನು ಮರಳು ಹಾಸಿದ ಕೃತಕ ಕಾಲುವೆಯಲ್ಲಿಟ್ಟು ನೀರಿನ ವೇಗ ಬದಲಿಸುತ್ತ ನೋಡಿದರು. ಬೇಟೆ ಎಷ್ಟು ದಟ್ಟವಾಗಿತ್ತೋ ಅಷ್ಟು ಹೆಚ್ಚು ತಿಂದವು. ಆದರೆ ನೀರಿನ ವೇಗ ಸೆಕೆಂಡಿಗೆ 25 ಸೆಂ.ಮೀ. ತಲುಪಿದಾಗ ತಿನ್ನುವುದು ಕಡಿಮೆಯಾಯಿತು. ನೀರಿನ ಎಳೆತಕ್ಕೆ ಸಿಗದಂತೆ ಮೈಯನ್ನು ಒಳಗೆಳೆದುಕೊಂಡವು. ಆ ವೇಗದ ಸೆಳವಿನಲ್ಲಿ ನಮಗೂ ಒಂದೆಡೆ ನಿಲ್ಲುವುದು ಕಷ್ಟ. ಇನ್ನು ಸೆಳವೇ ಇಲ್ಲದಿದ್ದರೆ ಊಟ ಬರುವುದಿಲ್ಲ.

ಅಳೆಯಲು ಉಪಕರಣ ಬೇಡ. ನೀರಿನಲ್ಲಿ ತೇಲುವ ಒಂದು ಕಸದ ಚೂರನ್ನು ನೋಡಿ. ಅದು ನಿಮ್ಮ ಮುಂಗೈಯ ಒಂದು ಮೊಳ ದೂರವನ್ನು ಎರಡು ಸೆಕೆಂಡಿಗಿಂತ ಬೇಗ ದಾಟಿದರೆ ಸೆಳವು ಜಾಸ್ತಿ. ನಾಲ್ಕೈದು ಸೆಕೆಂಡು ತೆಗೆದುಕೊಂಡರೆ ಹೇಳಿ ಮಾಡಿಸಿದ ಹಾಗೆ.

ಹೊತ್ತು: ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರೊಳಗೆ, ಬೆಳಕಿಗಾಗಿ.

## ಹಂತ 2: ಗಾಳಿಯ ಲೆಕ್ಕವನ್ನು ದೋಣಿಯಲ್ಲೇ ಹಾಕಿ

ಈ ಹಂತ ಬಿಟ್ಟವರೇ ಹೆಚ್ಚು ಸೋಲುವುದು. ಕಾಯುವ ಆಟ ಆಡಲು ಹೊರಟವರಿಗೆ ಎಷ್ಟು ಕಾಯಬಹುದು ಎಂಬುದು ಮೊದಲೇ ಗೊತ್ತಿರಬೇಕು.

ಸಾಮಾನ್ಯ ಅಲ್ಯುಮಿನಿಯಂ ಸಿಲಿಂಡರ್‌ನ ಗಾತ್ರ ಸುಮಾರು 11 ಲೀಟರ್. 200 ಬಾರ್ ಒತ್ತಡದಲ್ಲಿ 2,200 ಲೀಟರ್ ಗಾಳಿ. ಅದರಲ್ಲಿ 50 ಬಾರ್ ಮುಟ್ಟಬಾರದ ಠೇವಣಿ. ಉಳಿದದ್ದು 1,650 ಲೀಟರ್. ನೆಲದ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು 20 ಮೀಟರ್ ಆಳದಲ್ಲಿ ಅದರ ಮೂರು ಪಟ್ಟು, ಅಂದರೆ 60 ಲೀಟರ್ ಬಳಸುತ್ತಾರೆ. ಭಾಗಿಸಿದರೆ ಸುಮಾರು 27 ನಿಮಿಷ. ಇಳಿಯುವುದಕ್ಕೂ ಏಳುವುದಕ್ಕೂ ಕಳೆದರೆ ಮೀನಿನ ಮುಂದೆ ಇಪ್ಪತ್ತು ನಿಮಿಷ ಸಿಕ್ಕೀತು. ಅಷ್ಟರಲ್ಲಿ ನಾಲ್ಕು ಕಡೆ ಓಡಾಡಿದರೆ ಯಾವ ಕಡೆಯೂ ಮೀನು ಹೊರಬರುವಷ್ಟು ಹೊತ್ತು ನಿಂತಿರುವುದಿಲ್ಲ.

ಇನ್ನೊಂದು ಮಿತಿ, ಆಳದಲ್ಲಿ ಇದ್ದಷ್ಟೂ ದೇಹದಲ್ಲಿ ಸೇರುತ್ತ ಹೋಗುವ ಸಾರಜನಕದ್ದು. ಡೈವ್ ತರಬೇತಿ ಸಂಸ್ಥೆಯಾದ ಪ್ಯಾಡಿಯ ಕೋಷ್ಟಕದ ಪ್ರಕಾರ ಮೊದಲ ಡೈವ್‌ನಲ್ಲಿ 18 ಮೀಟರ್ ಆಳಕ್ಕೆ 56 ನಿಮಿಷ, 22 ಮೀಟರ್‌ಗೆ 37, 25ಕ್ಕೆ 29, 30ಕ್ಕೆ 20. ದಿನದ ಎರಡನೆಯ ಡೈವ್‌ನಲ್ಲಿ ಇದು ಇನ್ನೂ ಕಡಿಮೆ. ಆದ್ದರಿಂದ ಗಾರ್ಡನ್ ಈಲ್ ಡೈವ್ ದಿನದ ಮೊದಲನೆಯದಾಗಿರಲಿ.

ಎಷ್ಟು ಬಾರ್ ಆದಾಗ ಹೊರಡುವುದು ಎಂದು ಬಡ್ಡಿಯೊಂದಿಗೆ ಮಾತಾಡಿಕೊಳ್ಳಿ. ನಾವು 80 ಬಾರ್ ಎಂದು ಇಟ್ಟುಕೊಂಡಿದ್ದೇವೆ. ಎದುರಿಗೆ ಎಂಥ ದೃಶ್ಯವಿದ್ದರೂ ಅದರಲ್ಲಿ ಚೌಕಾಸಿ ಇಲ್ಲ.

## ಹಂತ 3: ದೂರದಿಂದಲೇ ಗುರುತಿಸಿ

ಕಾಲೊನಿಯ ಮೇಲೆ ನೇರವಾಗಿ ಇಳಿಯಬೇಡಿ. ಮೇಲಿನಿಂದ ಬರುವ ನೆರಳು ಅವುಗಳಿಗೆ ಶತ್ರುವಿನ ನೆರಳು. ಇಪ್ಪತ್ತು ಮೀಟರ್ ಆಚೆ, ಹವಳದ ದಿಬ್ಬದ ಪಕ್ಕದಲ್ಲಿ ಇಳಿದು, ಮರಳಿನ ಮಟ್ಟಕ್ಕೆ ಬಂದು, ಅಲ್ಲಿಂದ ನೋಡಿ.

ಮೊದಲ ಸಲ ನೋಡುವವರಿಗೆ ಅದು ಸಮುದ್ರದ ಹುಲ್ಲು. ನಾನೂ ಹುಲ್ಲೆಂದೇ ತಿಳಿದು ಮುಂದೆ ಹೋಗಿದ್ದೆ. ಹುಲ್ಲು ಸೆಳವು ಹೋಗುವ ದಿಕ್ಕಿಗೆ ಬಾಗುತ್ತದೆ. ಈಲ್‌ಗಳು ಸೆಳವು ಬರುವ ದಿಕ್ಕಿಗೆ ಮುಖ ಮಾಡಿ, ಕತ್ತನ್ನು ಕೊಕ್ಕೆಯಂತೆ ಬಗ್ಗಿಸಿರುತ್ತವೆ. ಹುಲ್ಲಿನ ತುದಿಗಳು ಒಟ್ಟಿಗೆ ತೂಗುತ್ತವೆ, ಈಲ್‌ಗಳ ತಲೆಗಳು ಒಂದೊಂದೂ ತನ್ನ ಪಾಡಿಗೆ ಚಟಕ್ಕನೆ ಕುಕ್ಕುತ್ತವೆ. ಅಂಗಳದಲ್ಲಿ ಕಾಳು ಹೆಕ್ಕುವ ಕೋಳಿಗಳ ನೆನಪಾದರೆ ನೀವು ಸರಿಯಾದ ಜಾಗದಲ್ಲಿದ್ದೀರಿ.

ಜಾತಿ ಗುರುತಿಸಲು ಇದೇ ಹೊತ್ತು. ಬಿಳಿ ಮೈಗೆ ಕಪ್ಪು ಚುಕ್ಕೆಯಿದ್ದರೆ ಚುಕ್ಕೆ ಈಲ್. ಕಿತ್ತಳೆ ಮತ್ತು ಬಿಳಿ ಪಟ್ಟೆಗಳಿದ್ದರೆ ಗೋರ್ಗೇಸಿಯಾ ಪ್ರಿಕ್ಲಾರಾ. ಚುಕ್ಕೆ ಈಲ್‌ಗಳ ನಡುವೆಯೇ ಕೆಲವೊಮ್ಮೆ ಇದೂ ನಿಂತಿರುತ್ತದೆ. ಕೆಂಪು ಸಮುದ್ರದಲ್ಲಿ ಇನ್ನಷ್ಟು ಉದ್ದದ, ಬೂದುಬಣ್ಣದ್ದು ಕಂಡರೆ ಅದು ಗೋರ್ಗೇಸಿಯಾ ಸಿಲ್ನೆರಿ ಇರಬಹುದು. ಅಂದಹಾಗೆ, ಚುಕ್ಕೆ ಈಲ್‌ನ ಹೆಸರಿನಲ್ಲಿರುವ ಹಸ್ಸಿ ಎಂಬುದು ಆಸ್ಟ್ರಿಯದ ಡೈವರ್ ಹಾನ್ಸ್ ಹಾಸ್ ಅವರಿಂದ ಬಂದದ್ದು. 1959ರಲ್ಲಿ ಮಾಲ್ಡೀವ್ಸ್ ಮತ್ತು ನಿಕೋಬಾರ್‌ನ ಹೊಸ ಗಾರ್ಡನ್ ಈಲ್‌ಗಳನ್ನು ವರ್ಣಿಸಿದ ಒಂದೇ ಪ್ರಬಂಧದಲ್ಲಿ ಈ ಹೆಸರು ಮೊದಲು ಬಂತು.

## ಹಂತ 4: ಸೆಳವಿನ ಇಳಿಬದಿಯಿಂದ ಹತ್ತಿರವಾಗಿ

ಸೆಳವು ಎಡದಿಂದ ಬಲಕ್ಕೆ ಹರಿಯುತ್ತಿದ್ದರೆ ನೀವು ಬಲಗಡೆಯಿಂದ ಬರಬೇಕು. ಕಾರಣ ಎರಡು. ನಿಮ್ಮ ಫಿನ್ ಎಬ್ಬಿಸುವ ಬಗ್ಗಡ ಆಗ ಮೀನಿನ ಮೇಲೆ ಹೋಗದೆ ನಿಮ್ಮ ಬೆನ್ನ ಹಿಂದೆ ಹೋಗುತ್ತದೆ. ಸೆಳವಿಗೆ ಎದುರಾಗಿ ನಿಂತಾಗ ಪಾದದ ಸಣ್ಣ ಅಲುಗಾಟದಲ್ಲೇ ಒಂದೆಡೆ ಇರಬಹುದು. ಮೇಲುಬದಿಯಿಂದ ಬಂದರೆ ಸೆಳವು ನಿಮ್ಮನ್ನು ತಳ್ಳಿಕೊಂಡು ಹೋಗಿ ಕಾಲೊನಿಯ ನಡುವೆ ಕೆಡವುತ್ತದೆ.

ಎತ್ತರ ಮರಳಿನಿಂದ ಅರ್ಧ ಮೀಟರ್. ಮಲಗಿದ ಭಂಗಿ. ಮೊಣಕಾಲು ಮಡಿಸಿ ಫಿನ್‌ಗಳನ್ನು ಮೇಲಕ್ಕೆತ್ತಿ, ಕಪ್ಪೆಯ ಹಾಗೆ ಹಿಂದಕ್ಕೆ ಒದೆಯಿರಿ. ಮೇಲೆ ಕೆಳಗೆ ಬಡಿದರೆ ಮರಳು ಏಳುತ್ತದೆ.

ಐದಾರು ಮೀಟರ್ ದೂರವಿದ್ದಾಗಲೇ ಮುಂದಿನ ಸಾಲನ್ನು ಗಮನಿಸಲು ಶುರುಮಾಡಿ. ನೀರಿನೊಳಗೆ ಮುಖಗವಸಿನ ಗಾಜಿನ ಮೂಲಕ ಎಲ್ಲವೂ ನಿಜದೂರದ ಮುಕ್ಕಾಲು ಭಾಗದಷ್ಟೇ ದೂರ ಕಾಣುತ್ತದೆ. ಕಣ್ಣಂದಾಜು ನಂಬುವುದಕ್ಕಿಂತ ಮೀನಿನ ವರ್ತನೆಯನ್ನು ನಂಬಿ. ಅದು ಹೇಳುವ ಮಾತು ಹೀಗಿದೆ.

ಮೊದಲು ಕುಕ್ಕುವುದು ನಿಲ್ಲುತ್ತದೆ. ಇನ್ನೂ ಮೈ ಇಳಿದಿಲ್ಲ, ಆದರೆ ಕೊಕ್ಕೆಯಂತಿದ್ದ ಕತ್ತು ನೆಟ್ಟಗಾಗುತ್ತದೆ. ನೀವು ಆ ಕ್ಷಣದಲ್ಲೇ ನಿಂತುಬಿಟ್ಟರೆ ಅರ್ಧ ನಿಮಿಷದಲ್ಲಿ ಮತ್ತೆ ಕುಕ್ಕಲು ಶುರುಮಾಡುವುದುಂಟು. ಇದು ಹಳದಿ ದೀಪ.

ಆಮೇಲೆ ಮೈ ಇಂಚಿಂಚಾಗಿ ಇಳಿಯುತ್ತದೆ, ಲಿಫ್ಟ್‌ನಲ್ಲಿ ಇಳಿದ ಹಾಗೆ, ಮುಖ ತಿರುಗಿಸದೆ. ಇಲ್ಲಿ ನಿಂತರೆ ಸಾಲದು, ಒಂದು ಮೀಟರ್ ಹಿಂದಕ್ಕೆ ಸರಿಯಬೇಕು.

ಕೊನೆಗೆ ತಲೆ ಮಾತ್ರ ಉಳಿದು, ಅದೂ ಫಕ್ಕನೆ ಮಾಯವಾಗುತ್ತದೆ. ಹೀಗೆ ಮಾಯವಾದ ಕಡೆ ಮುಂದಕ್ಕೆ ಹೋಗಬೇಡಿ. ಒಂದು ಸಾಲು ಇಳಿದರೆ ಅದನ್ನು ನೋಡಿ ಹಿಂದಿನ ಸಾಲು, ಅದನ್ನು ನೋಡಿ ಅದರ ಹಿಂದಿನದು. ಗಾಳಿಗೆ ಭತ್ತದ ಗದ್ದೆ ಬಾಗಿದಂತೆ ಅಲೆಯಲೆಯಾಗಿ ಇಡೀ ಕಾಲೊನಿ ಒಳಗೆ ಹೋಗುತ್ತದೆ. ಈ ಅಲೆ ಒಮ್ಮೆ ಎದ್ದರೆ ಆ ಡೈವ್‌ನಲ್ಲಿ ಅರ್ಧ ಸಮಯ ಹೋಯಿತೆಂದೇ ತಿಳಿಯಿರಿ.

## ಹಂತ 5: ನೆಲೆನಿಂತು ಮರೆಯಾಗಿ

ಹಳದಿ ದೀಪ ಬೆಳಗಿದ ದೂರವೇ ಇಂದಿನ ನಿಮ್ಮ ಜಾಗ. ಅದು ಮೂರು ಮೀಟರ್ ಇರಬಹುದು, ಐದೂ ಇರಬಹುದು. ನಿತ್ಯ ಡೈವರ್‌ಗಳು ಬರುವ ಜಾಗದಲ್ಲಿ ಕಡಿಮೆ, ಅಪರೂಪದ ಜಾಗದಲ್ಲಿ ಹೆಚ್ಚು ಎಂಬುದು ನನ್ನ ಅನುಭವ. ಇದನ್ನು ನಂಬಲು ಒಂದು ಒಳ್ಳೆಯ ಕಾರಣವೂ ಇದೆ. 2020ರಲ್ಲಿ ಕೋವಿಡ್‌ನಿಂದ ಟೋಕಿಯೊದ ಸುಮಿದಾ ಅಕ್ವೇರಿಯಂ ಬಾಗಿಲು ಹಾಕಿದಾಗ, ಅಲ್ಲಿನ ಸುಮಾರು 300 ಗಾರ್ಡನ್ ಈಲ್‌ಗಳು ಜನರ ಮುಖವನ್ನೇ ಮರೆತು, ಪಾಲಕರು ಹತ್ತಿರ ಸುಳಿದರೂ ಮರಳಿಗಿಳಿಯತೊಡಗಿದವು. ಕೊನೆಗೆ ಅವರು ತೊಟ್ಟಿಯ ಮುಂದೆ ಟ್ಯಾಬ್ಲೆಟ್‌ಗಳನ್ನಿಟ್ಟು, ಮೇ 3ರಿಂದ 5ರವರೆಗೆ ವಿಡಿಯೊ ಕರೆ ಮಾಡಿ ಮುಖ ತೋರಿಸಿ ಎಂದು ಸಾರ್ವಜನಿಕರನ್ನು ಕೇಳಿಕೊಂಡರು. ರೂಢಿ ತಪ್ಪಿದರೆ ಧೈರ್ಯವೂ ಹೋಗುವ ಮೀನಿದು.

ನಿಲ್ಲುವುದೆಂದರೆ ಮಂಡಿಯೂರುವುದಲ್ಲ. ಮರಳಿನ ಮೇಲೆ ಒಂದಡಿ ಎತ್ತರದಲ್ಲಿ ಮಲಗಿದಂತೆ ತೇಲಬೇಕು. ಇದಕ್ಕೆ ಬೇಕಾದ ತೇಲುವಿಕೆಯ ಹದ ಈಜುಕೊಳದಲ್ಲಿ ಕಲಿತು ಬಂದಿರಬೇಕು. ಹದ ತಪ್ಪಿ ಮರಳಿಗೆ ತಾಗಬೇಕಾಗಿ ಬಂದರೆ ಕಾಲೊನಿಯ ಅಂಚಿನಾಚೆ, ಅದೂ ಚೆನ್ನಾಗಿ ನೋಡಿದ ಮೇಲೆ. ಮರಳಿನೊಳಗೆ ತೊರಕೆ ಮೀನು ಹುದುಗಿರಬಹುದು. ಅದರ ಬಾಲದ ಮುಳ್ಳಿನ ರುಚಿ ನಮ್ಮ ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ.

ಉಸಿರಾಟ ನಿಧಾನವಾಗಿರಲಿ, ಎಳೆದು ಬಿಡುವುದು ಎರಡೂ ಉದ್ದವಾಗಿರಲಿ. ಗುಳ್ಳೆಗಳು ಒಮ್ಮೆಲೇ ಬುಡುಬುಡು ಎನ್ನದೆ ಸಣ್ಣಗೆ ಹೋಗಲಿ. ಆದರೆ ಗುಳ್ಳೆ ಬರಬಾರದೆಂದು ಉಸಿರು ಹಿಡಿಯಬೇಡಿ. ಉಸಿರು ಹಿಡಿದಿರುವಾಗ ಅರಿವಿಲ್ಲದೆ ಒಂದೆರಡು ಮೀಟರ್ ಮೇಲೆದ್ದರೂ ಶ್ವಾಸಕೋಶಕ್ಕೆ ಅಪಾಯ. ಎದ್ದಿಲ್ಲದಿದ್ದರೂ ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ತಲೆನೋವು ಹಿಡಿಯುತ್ತದೆ. ಡೈವ್ ನಡುವೆ ಹಣೆ ಸಿಡಿಯತೊಡಗಿದರೆ ಅದೇ ಮುನ್ಸೂಚನೆ. ಮೀನು ಬಿಟ್ಟು ಉಸಿರನ್ನು ನೋಡಿಕೊಳ್ಳಿ.

ಗಡಿಯಾರ ನೋಡಿ ಹತ್ತು ನಿಮಿಷ. ಕೈ ಮುಂದೆ ಚಾಚಬೇಡಿ, ಬಡ್ಡಿಗೆ ಸನ್ನೆ ಮಾಡಬೇಡಿ. ಮೊದಲ ಮೂರು ನಿಮಿಷ ಏನೂ ಆಗುವುದಿಲ್ಲ. "ಇಲ್ಲಿ ಬೇಡ, ಆ ಕಡೆ ಹೆಚ್ಚು ಇವೆ" ಎಂದು ಮನಸ್ಸು ಹೇಳುವುದು ಸರಿಯಾಗಿ ನಾಲ್ಕನೆಯ ನಿಮಿಷಕ್ಕೆ. ಬಹುತೇಕರು ಅಲ್ಲಿ ಎದ್ದು ಹೋಗುತ್ತಾರೆ.

## ಹಂತ 6: ಏನನ್ನು ನೋಡುವುದು

ಬಿಲದ ಬಾಯಿ ಮೊದಲು. ಪೆನ್ಸಿಲ್ ಚುಚ್ಚಿ ತೆಗೆದಂಥ ತೂತು, ಅಂಚಿನ ಮರಳು ಸುತ್ತಲಿನ ಮರಳಿನಷ್ಟು ಉದುರುದುರಾಗಿರುವುದಿಲ್ಲ. ಅದರೊಳಗಿಂದ ಮೊದಲು ಬರುವುದು ಮೂತಿ, ಆಮೇಲೆ ಕಣ್ಣು. ಕಣ್ಣು ಹೊರಬಂದ ಮೇಲೆ ಬಹಳ ಹೊತ್ತು ಅಷ್ಟರಲ್ಲೇ ನಿಲ್ಲುತ್ತದೆ. ಬಾಗಿಲ ಸಂದಿಯಿಂದ ಬಂದವರು ಯಾರೆಂದು ನೋಡುವ ಅಜ್ಜಿಯ ಹಾಗೆ. ಕೆಳದವಡೆ ಸ್ವಲ್ಪ ಮುಂದೆ ಚಾಚಿ, ಬಾಯಿ ಮೇಲ್ಮುಖವಾಗಿ ಸಿಡುಕಿನ ಮುಖ ಮಾಡಿದಂತೆ ಕಾಣುತ್ತದೆ.

ಪೂರ್ತಿ ಹೊರಬಂದ ಮೇಲೆ ಒಂದೇ ಮೀನನ್ನು ಆರಿಸಿಕೊಂಡು ಎರಡು ನಿಮಿಷ ಅದನ್ನಷ್ಟೇ ನೋಡಿ. ಮೈ ಅಲುಗದೆ ಕಣ್ಣು ಮಾತ್ರ ಹೊರಳುತ್ತದೆ, ಬರುತ್ತಿರುವ ಚುಕ್ಕೆಯೊಂದನ್ನು ಹಿಡಿದು ಹಿಂಬಾಲಿಸುತ್ತದೆ, ಅದು ಹತ್ತಿರ ಬಂದಾಗ ತಲೆ ಮುಂದೆ ನುಗ್ಗಿ ಹಿಂದಕ್ಕೆ. ಆ ಚುಕ್ಕೆ ನಿಮಗೆ ಕಾಣುವುದೇ ಇಲ್ಲ.

ನೆರೆಹೊರೆ ಕೂಡ ನೋಡತಕ್ಕದ್ದು. ಪಕ್ಕದ ಮನೆಯ ಈಲ್ ತನ್ನ ವ್ಯಾಪ್ತಿಯೊಳಗೆ ಬಾಗಿದರೆ ಬಾಯಿ ತೆರೆದು ಎದುರು ನಿಲ್ಲುತ್ತದೆ, ಗಂಡಾಗಿದ್ದರೆ ಇನ್ನೂ ಜೋರು. ಅಲ್ಲಲ್ಲಿ ಎರಡು ಬಿಲಗಳು ಉಳಿದವಕ್ಕಿಂತ ತೀರ ಹತ್ತಿರ ಇದ್ದರೆ ಅಲ್ಲಿ ಹೆಚ್ಚು ಹೊತ್ತು ಕಣ್ಣಿಡಿ. ಕೂಡುವ ಕಾಲ ಬಂದಾಗ ಗಂಡು ಹೆಣ್ಣುಗಳು ಬಿಲಗಳನ್ನು ಪಕ್ಕಪಕ್ಕಕ್ಕೆ ತಂದುಕೊಳ್ಳುತ್ತವೆ. ಆಮೇಲೆ ಬಾಲವನ್ನು ತಮ್ಮ ತಮ್ಮ ಮನೆಯಲ್ಲೇ ಬಿಟ್ಟು, ಮೇಲಿನ ಮೈಯನ್ನು ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ಮೊಟ್ಟೆಗಳು ನೀರಿನಲ್ಲಿ ತೇಲಿಹೋಗುತ್ತವೆ. ಅವುಗಳಿಂದ ಬರುವ ಮರಿ ಎಲೆಯಂತೆ ಚಪ್ಪಟೆ, ಗಾಜಿನಂತೆ ಪಾರದರ್ಶಕ. ಬೆಳೆದು ಆಕಾರ ಬದಲಾದ ಮೇಲೆ ಮರಳಿಗೆ ಇಳಿದು ತನ್ನದೇ ಬಿಲ ಕೊರೆಯುತ್ತದೆ.

ಎಲ್ಲವೂ ಒಮ್ಮೆಲೇ, ನೀವು ಅಲುಗದಿದ್ದರೂ ಮಾಯವಾದರೆ ಸುತ್ತ ನೋಡಿ. ತೊರಕೆ ಹಾದುಹೋಗುತ್ತಿರಬಹುದು, ಟ್ರಿಗರ್ ಮೀನು ಬಂದಿರಬಹುದು. ಅದು ದೊಡ್ಡ ಟೈಟನ್ ಟ್ರಿಗರ್ ಮೀನಾಗಿದ್ದು, ಮರಳಿನಲ್ಲಿ ಗುಂಡಿ ತೋಡಿ ಮೊಟ್ಟೆ ಕಾಯುತ್ತಿದ್ದರೆ ಆಟ ಮುಗಿಯಿತು. ಬೆನ್ನ ಮೇಲಿನ ಮುಳ್ಳು ಎತ್ತಿ ನಿಮ್ಮ ಕಡೆ ತಿರುಗಿದರೆ ನೇರ ಮೇಲಕ್ಕೆ ಏಳಬೇಡಿ. ಅದು ಕಾಯುವ ಪ್ರದೇಶ ಗೂಡಿನಿಂದ ಮೇಲಕ್ಕೆ ಅಗಲವಾಗುತ್ತ ಹೋಗುತ್ತದೆ. ಫಿನ್‌ಗಳನ್ನು ಅದರ ಕಡೆಗಿಟ್ಟು ಅಡ್ಡಕ್ಕೆ ಸರಿದು ದೂರ ಹೋಗಿ. ಅದರ ಹಲ್ಲು ಫಿನ್ ತೂತು ಮಾಡುವಷ್ಟು ಗಟ್ಟಿ.

## ಹಂತ 7: ಚಿತ್ರ ತೆಗೆಯುವುದು

ಮೀನು ಪೂರ್ತಿ ಹೊರಬಂದು, ತಿನ್ನಲು ಶುರುಮಾಡಿ ಎರಡು ನಿಮಿಷವಾಗುವವರೆಗೆ ಕ್ಯಾಮೆರಾ ಎತ್ತಬೇಡಿ. ಇನ್ನೂ ಒಳ್ಳೆಯದೆಂದರೆ, ನೆಲೆನಿಲ್ಲುವಾಗಲೇ ಕ್ಯಾಮೆರಾವನ್ನು ಮುಖದ ಮುಂದೆ ಹಿಡಿದುಕೊಂಡಿರುವುದು. ಆಗ ಎತ್ತುವ ಚಲನೆಯೇ ಇರುವುದಿಲ್ಲ.

ಫ್ಲ್ಯಾಶ್ ಬಳಸಬೇಡಿ. ಮೂರು ಮೀಟರ್ ದೂರದ ಕಿರುಬೆರಳ ದಪ್ಪದ ಮೀನಿಗೆ ಫ್ಲ್ಯಾಶ್ ಬೆಳಕು ತಲುಪುವುದಿಲ್ಲ. ನಡುವಿನ ಪ್ಲಾಂಕ್ಟನ್ ಮಾತ್ರ ಹಿಮ ಸುರಿದಂತೆ ಬೆಳಗುತ್ತದೆ. 1/250 ಸೆಕೆಂಡ್ ಶಟರ್, ಎಫ್ 8 ಅಪರ್ಚರ್, ಐಎಸ್‌ಒ 400ರಿಂದ 800, ಇದು ಶುರುಮಾಡಲು ಸರಿಯಾದ ಅಳತೆ. ದೊಡ್ಡ ಕ್ಯಾಮೆರಾಗೆ 100 ಎಂಎಂ ಲೆನ್ಸ್, ಸಣ್ಣ ಸೆನ್ಸರ್‌ನದಕ್ಕೆ 60 ಸಾಕು.

ಆದರೆ ಈ ಸಂಖ್ಯೆಗಳಿಗಿಂತ ಕೋನ ದೊಡ್ಡದು. ಮೇಲಿನಿಂದ ತೆಗೆದರೆ ಬಿಳಿ ಮರಳಿನ ಮೇಲೆ ಬಿಳಿ ಮೀನು, ಏನೂ ಕಾಣದು. ಕ್ಯಾಮೆರಾವನ್ನು ಮರಳಿನಿಂದ ಒಂದು ಗೇಣು ಎತ್ತರಕ್ಕೆ ಇಳಿಸಿ, ಲೆನ್ಸನ್ನು ತುಸು ಮೇಲಕ್ಕೆ ತಿರುಗಿಸಿದರೆ ಹಿನ್ನೆಲೆಗೆ ನೀಲಿ ನೀರು ಬರುತ್ತದೆ, ಪ್ರತಿ ಈಲೂ ಎಳೆ ಎಳೆಯಾಗಿ ಬಿಡಿಸಿಕೊಂಡು ನಿಲ್ಲುತ್ತದೆ. ನನ್ನ ಹಳೆಯ ಕಡತದ ಚಿತ್ರಗಳಲ್ಲಿ ಕೆಲವಕ್ಕೆ ಮೀನು ಸಿಕ್ಕಿತ್ತು ಎಂದು ಗೊತ್ತಾದದ್ದು ಆಮೇಲೆ, ಕಂಪ್ಯೂಟರ್‌ನಲ್ಲಿ ದೊಡ್ಡದು ಮಾಡಿ ನೋಡಿದಾಗ.

## ಹಂತ 8: ಕ್ಯಾಮೆರಾ ಬಿಟ್ಟು ದೂರ ಹೋಗುವುದು

ಎಷ್ಟೇ ಅಲುಗದೆ ಇದ್ದರೂ ಎರಡು ಮೀಟರಿಗಿಂತ ಹತ್ತಿರ ಬಿಟ್ಟುಕೊಳ್ಳದ ಕಾಲೊನಿಗಳಿವೆ. ಅಂಥ ಕಡೆ ನಾವಿಲ್ಲದಿರುವುದೇ ದಾರಿ. ಒಂದು ಸಣ್ಣ ಆಕ್ಷನ್ ಕ್ಯಾಮೆರಾ, ಗಿಡ್ಡ ಕಾಲುಗಳ ಟ್ರೈಪಾಡ್, ಅದರ ಬುಡಕ್ಕೆ ಕಟ್ಟಿದ ಒಂದು ಕಿಲೊ ಸೀಸ. ಇಷ್ಟಿದ್ದರೆ ಸಾಕು.

ಕಾಲೊನಿಯ ಅಂಚಿನಲ್ಲಿ, ಬಿಲವಿಲ್ಲದ ಜಾಗವನ್ನು ಖಚಿತಪಡಿಸಿಕೊಂಡು ಇಡಿ. ನಡುವೆ ಇಡುವ ಆಸೆಗೆ ಬೀಳಬೇಡಿ. ಲೆನ್ಸ್ ಸೆಳವಿನ ಮೇಲುಬದಿಗೆ ಮುಖ ಮಾಡಿದರೆ ಈಲ್‌ಗಳ ಬೆನ್ನು ಸಿಗುತ್ತದೆ. ಅಡ್ಡಕ್ಕೆ ಇಟ್ಟರೆ ಪಕ್ಕದ ನೋಟ ಸಿಗುತ್ತದೆ, ಕುಕ್ಕುವುದು ಚೆನ್ನಾಗಿ ಕಾಣುವುದು ಅದರಲ್ಲೇ. ಇಳಿಯುವ ಮುನ್ನವೇ ಬ್ಯಾಟರಿ ತುಂಬಿಸಿ, ಪರದೆಯ ಬೆಳಕು ಮತ್ತು ಸಣ್ಣ ಕೆಂಪು ದೀಪ ಆರಿಸಿ. ಆ ದೀಪ ಮಿಣುಕುತ್ತಿದ್ದ ಒಂದಿಡೀ ಡೈವ್‌ನಲ್ಲಿ ನನಗೆ ಸಿಕ್ಕಿದ್ದು ಹದಿನೈದು ನಿಮಿಷದ ಖಾಲಿ ಮರಳು. ದೀಪವೇ ಕಾರಣ ಎಂದು ಪ್ರಮಾಣ ಮಾಡಲಾರೆ, ಆದರೆ ಅಂದಿನಿಂದ ಆರಿಸುತ್ತೇನೆ.

ರೆಕಾರ್ಡಿಂಗ್ ಒತ್ತಿ, ಹಿಮ್ಮುಖವಾಗಿ ಸರಿದು, ಹತ್ತು ಮೀಟರ್ ಆಚೆ ಹವಳದ ಬಳಿ ಬಡ್ಡಿಯೊಂದಿಗೆ ಕಾಯಿರಿ. ಟ್ರೈಪಾಡ್‌ಗೆ ಬಣ್ಣದ ಪಟ್ಟಿ ಕಟ್ಟಿ, ಅದು ಕಣ್ಣಿಗೆ ಕಾಣುವ ದೂರ ಬಿಟ್ಟು ಹೋಗಬೇಡಿ. ಮರಳಿನ ಬಯಲಿನಲ್ಲಿ ಗುರುತು ಸಿಗುವುದಿಲ್ಲ. ಹುಡುಕುತ್ತ ಗಾಳಿ ಮುಗಿಸಿಕೊಂಡವರ ಕಥೆ ಪ್ರತಿ ದೋಣಿಯಲ್ಲೂ ಒಂದಿರುತ್ತದೆ. 80 ಬಾರ್ ಮುಟ್ಟುವ ಮುನ್ನ ಕ್ಯಾಮೆರಾ ಕೈಗೆ ಬಂದಿರಬೇಕು.

## ಹಂತ 9: ಏಳುವುದು, ಆಮೇಲಿನ ಕೆಲಸ

ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏಳಬೇಡಿ. 5 ಮೀಟರ್ ಆಳದಲ್ಲಿ ಮೂರು ನಿಮಿಷದ ನಿಲುಗಡೆ ತಪ್ಪಿಸಬೇಡಿ. ಅಲುಗಾಡದೆ ಬಹಳ ಹೊತ್ತು ಇದ್ದು ಮೈ ತಣ್ಣಗಾಗಿರುವ ದಿನ ಇದನ್ನು ಇನ್ನಷ್ಟು ಶಿಸ್ತಾಗಿ ಮಾಡಬೇಕು. ಮರುದಿನ ಬೆಂಗಳೂರಿಗೆ ವಿಮಾನವಿದ್ದರೆ ಲೆಕ್ಕ ಮೊದಲೇ ಹಾಕಿ. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ಬಿಟ್ಟೇ ವಿಮಾನ ಹತ್ತಬೇಕು.

ದೋಣಿಗೆ ಬಂದ ಕೂಡಲೇ ಆಳ, ಸೆಳವಿನ ದಿಕ್ಕು, ಎಷ್ಟು ದೂರದಲ್ಲಿ ಹಳದಿ ದೀಪ ಬೆಳಗಿತು, ಎಷ್ಟನೆಯ ನಿಮಿಷಕ್ಕೆ ಮೊದಲ ತಲೆ ಬಂತು ಎಂಬ ನಾಲ್ಕು ಸಾಲು ಬರೆದಿಡಿ. ಅದೇ ಕಾಲೊನಿಗೆ ಮತ್ತೆ ಹೋದಾಗ ಬೇರೆ ಯಾವ ಮಾಹಿತಿಯೂ ಇದರಷ್ಟು ಕೆಲಸಕ್ಕೆ ಬರುವುದಿಲ್ಲ.

ವಿಡಿಯೊ ನೋಡುವಾಗ ಮೊದಲ ಐದು ನಿಮಿಷ ಬರೀ ಮರಳು ಕಂಡಿತೆಂದು ಅಳಿಸಬೇಡಿ, ಮುಂದಕ್ಕೆ ಓಡಿಸಿ. ನನ್ನದರಲ್ಲಿ ಏಳನೆಯ ನಿಮಿಷ ದಾಟುವವರೆಗೂ ಏನೂ ಇರಲಿಲ್ಲ. ಆಮೇಲೆ ಲೆನ್ಸ್‌ನಿಂದ ಒಂದು ಗೇಣು ಆಚೆ ನಾಲ್ಕು ಮರಳಿನ ಹರಳು ಉರುಳಿದವು. ಅಲ್ಲಿ ಬಿಲವಿಲ್ಲ ಎಂದು ನಾನು ಎರಡು ಸಲ ನೋಡಿ ಖಚಿತಪಡಿಸಿಕೊಂಡಿದ್ದ ಜಾಗ ಅದು. ಒಂದು ಮೂತಿ, ಎರಡು ಕಣ್ಣು ಬಂದವು. ಕ್ಯಾಮೆರಾವನ್ನು ಒಂದು ನಿಮಿಷ ನೋಡಿ, ಅದು ಬೆನ್ನು ತಿರುಗಿಸಿ ತಿನ್ನಲು ಶುರುಮಾಡಿತು.